ಅರಿಶಿನ ಕಾಮಾಲೆಯ ಸ್ಥಿತ್ಯಂತರ: ಬಣಕಲ್ ಸೀಮೆಯ ಜನಪದ ತಿಳಿವಳಿಕೆ ಮತ್ತು ಜಾಗತಿಕ ಚಿತ್ರ

ಪೀಠಿಕೆ

ಜನಪದ ವೈದ್ಯವನ್ನು ಕುರಿತ ಕೆಲಸಗಳು ಕನ್ನಡದಲ್ಲಿ ಬಹುಮಟ್ಟಿಗೆ ಮದ್ದುಗಳ ಸಂಗ್ರಹವಾಗಿ ಬೆಳೆದುಬಂದಿವೆ. ಯಾವ ರೋಗಕ್ಕೆ ಯಾವ ಬೇರು, ಯಾವ ಸೊಪ್ಪು, ಎಷ್ಟು ದಿನದ ಪಥ್ಯ ಎಂಬ ವಿವರಗಳು ಹೇರಳವಾಗಿ ದಾಖಲಾಗಿವೆ. ಆದರೆ ಕಾಲ ಸರಿದಂತೆ ರೋಗವೇ ತನ್ನ ಸ್ವರೂಪವನ್ನು ಬದಲಿಸಿಕೊಂಡಾಗ ಅದರ ಸುತ್ತ ಹೆಣೆದುಕೊಂಡ ತಿಳಿವಳಿಕೆ ಏನಾಗುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಪ್ರಶ್ನೆಗೆ ಅರಿಶಿನ ಕಾಮಾಲೆಯಷ್ಟು ತಕ್ಕ ನಿದರ್ಶನ ಮತ್ತೊಂದು ಸಿಗಲಾರದು. ಕಾಮಾಲೆಗೆ ಕಾರಣವಾಗುವ ವೈರಾಣುಗಳಲ್ಲಿ ಹೆಪಟೈಟಿಸ್ ಎ ಅತ್ಯಂತ ವ್ಯಾಪಕವಾದುದು. ಕಳೆದ ಅರ್ಧ ಶತಮಾನದಲ್ಲಿ ಲೋಕದಾದ್ಯಂತ ಅದರ ನಡೆ ಬದಲಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಬಣಕಲ್ ಸೀಮೆಯನ್ನು ಹಿನ್ನೆಲೆಯಾಗಿರಿಸಿಕೊಂಡು ಆ ಬದಲಾವಣೆಯನ್ನೂ, ಅದರೆದುರು ಜನಪದ ತಿಳಿವಳಿಕೆಯ ಬಲ ಮತ್ತು ಮಿತಿಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ನೀರು

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಗೆ ಇಳಿಯುವ ಹೆದ್ದಾರಿಯ ಮೇಲಿರುವ ಬಣಕಲ್ ಒಂದು ಹೋಬಳಿ ಕೇಂದ್ರ. ಸುತ್ತಲೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಹೇಮಾವತಿ ಹುಟ್ಟುವ ಜಾವಳಿ ಇದೇ ತಾಲ್ಲೂಕಿನಲ್ಲಿದೆ. ಉತ್ತರಕ್ಕೆ ಕಳಸದ ಕಡೆ ಭದ್ರೆ ಹರಿದರೆ, ಘಾಟಿಯ ಪಶ್ಚಿಮಕ್ಕೆ ಬಿದ್ದ ಮಳೆ ನೇತ್ರಾವತಿಯನ್ನು ಸೇರುತ್ತದೆ. ಇಂಥ ನೀರಿನ ತವರಿನಲ್ಲಿ ನೀರನ್ನು ಕುರಿತ ನುಡಿಸಂಪತ್ತು ದೊಡ್ಡದಾಗಿರುವುದು ಸಹಜ. ಒರತೆ, ಅಬ್ಬಿ, ಹಳ್ಳ, ತೋಡು, ಕೆರೆ, ಬಾವಿ ಎಂದು ನೀರಿನ ನೆಲೆಗಳನ್ನು ಮಲೆನಾಡಿನ ಜನ ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಗುಡ್ಡದ ಒರತೆಯಿಂದ ಅಡಿಕೆ ಮರದ ದಂಬೆಯಲ್ಲಿ ಮನೆಯಂಗಳಕ್ಕೆ ಹರಿಸಿಕೊಂಡ ಅಬ್ಬಿ ನೀರು ಶ್ರೇಷ್ಠ. ಮುಂಗಾರಿನ ಮೊದಲ ಮಳೆಗೆ ಹಳ್ಳದಲ್ಲಿ ಇಳಿಯುವ ಕೆಂಪು ಹೊಸನೀರು ರೋಗ ತರುವಂಥದು. ಮಳೆ ನಿಂತ ಮೇಲಿನ ತಿಳಿನೀರು ಒಳ್ಳೆಯದು. ಈ ವರ್ಗೀಕರಣವೆಲ್ಲ ಬಣ್ಣ, ರುಚಿ, ಹರಿವು ಎಂಬ ಮೂರು ಲಕ್ಷಣಗಳನ್ನು ಆಧರಿಸಿದೆ.

ಹೊಸನೀರನ್ನು ಕುರಿತ ಎಚ್ಚರಿಕೆಯಲ್ಲಿ ಸತ್ಯಾಂಶವಿದೆ. ಬಯಲಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ಬಿದ್ದ ಮಲವನ್ನು ಮೊದಲ ಮಳೆ ತೊಳೆದು ನೀರಿನ ನೆಲೆಗಳಿಗೆ ಸೇರಿಸುತ್ತದೆ. ಆದರೆ ತಿಳಿನೀರನ್ನು ಕುರಿತ ಭರವಸೆ ಅಷ್ಟು ಸರಿಯಲ್ಲ. ಹೆಪಟೈಟಿಸ್ ಎ ವೈರಾಣು ನೀರಿನ ಬಣ್ಣವನ್ನಾಗಲಿ ರುಚಿಯನ್ನಾಗಲಿ ಕೆಡಿಸುವುದಿಲ್ಲ. ತಂಪಾದ ನೀರಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದು. ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡುವ ಕಾಲದಲ್ಲಿ ತೋಟದ ಕೊಳೆನೀರು ಹಳ್ಳಕ್ಕೆ ಬಿದ್ದರೆ ಅದರ ಬಣ್ಣ ಮತ್ತು ವಾಸನೆಯಿಂದಲೇ ಊರಿಗೆಲ್ಲ ತಿಳಿಯುತ್ತದೆ, ಜಗಳವೂ ಆಗುತ್ತದೆ. ವೈರಾಣು ಸೇರಿದ ನೀರಿಗೆ ಅಂಥ ಗುರುತಿಲ್ಲ. ಕಣ್ಣಿಗೆ ಕಾಣುವುದನ್ನು ನಂಬಿ ಕಟ್ಟಿದ ನೀರಿನ ಶಾಸ್ತ್ರ ಕಾಣದ ಶತ್ರುವಿನೆದುರು ಸೋಲುವುದು ಇಲ್ಲಿಯೇ.

ಇದಕ್ಕೆ ಅಪವಾದವಾಗಿ ಮಲೆನಾಡಿನಲ್ಲಿ ಒಂದು ಗಟ್ಟಿಯಾದ ರೂಢಿಯಿದೆ. ಬಾಣಂತಿಗೆ, ಮಗುವಿಗೆ, ಜ್ವರ ಬಂದವರಿಗೆ, ಮಳೆಗಾಲದಲ್ಲಿ ಮನೆಮಂದಿಗೆಲ್ಲ ಕಾದಾರಿದ ನೀರನ್ನೇ ಕೊಡುವುದು ಆ ರೂಢಿ. ಶೀತವಾಗದಿರಲಿ ಎಂಬುದು ಅದಕ್ಕೆ ಜನ ಕೊಡುವ ಕಾರಣ. 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷವಿದ್ದರೆ ಈ ವೈರಾಣು ನಾಶವಾಗುವುದರಿಂದ, ಕೊಟ್ಟ ಕಾರಣ ಬೇರೆಯಾದರೂ ರೂಢಿಯ ಫಲ ನಿಜವಾದುದೇ. ಆದರೆ ಬರಿಯ ಉಗುರುಬೆಚ್ಚಗೆ ಮಾಡಿದ ನೀರಿಗೆ, ಅಥವಾ ಕುದಿಸಿದ ನೀರಿಗೆ ಹಸಿನೀರು ಬೆರೆಸಿ ಕುಡಿಯುವ ಅಭ್ಯಾಸಕ್ಕೆ ಆ ಫಲವಿಲ್ಲ.

ಒಂದು ಹೆಸರು, ಹಲವು ರೋಗ

ಕಾಮಾಲೆ ಎಂಬುದು ಸಂಸ್ಕೃತದ ಕಾಮಲಾ ಶಬ್ದದಿಂದ ಬಂದುದು. ಚರಕಸಂಹಿತೆ ಇದನ್ನು ಪಾಂಡುರೋಗದ ಪ್ರಕರಣದಲ್ಲಿಯೇ ವಿವರಿಸಿ, ಪಿತ್ತದ ಪ್ರಕೋಪವನ್ನು ಕಾರಣವಾಗಿ ಹೇಳುತ್ತದೆ. ಕನ್ನಡ ನಾಡಿನ ಆಡುಮಾತಿನಲ್ಲಿ ಅರಿಶಿನ ಕಾಮಾಲೆ, ಕಾಮಣಿ, ಹಳದಿ ರೋಗ ಎಂಬ ರೂಪಗಳಿವೆ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ರೋಗದ ಪರಿಚಯ ಎಷ್ಟು ಹಳೆಯದೆಂಬುದನ್ನು ತೋರಿಸುತ್ತದೆ.

ಇಲ್ಲಿ ಗಮನಿಸಬೇಕಾದುದು, ಈ ಹೆಸರುಗಳೆಲ್ಲ ಲಕ್ಷಣವನ್ನು ಹೇಳುತ್ತವೆಯೇ ಹೊರತು ಕಾರಣವನ್ನಲ್ಲ. ಕಣ್ಣು ಹಳದಿಯಾಗುವುದಕ್ಕೆ ಹೆಪಟೈಟಿಸ್ ಎ ಕಾರಣವಾಗಿರಬಹುದು. ನೀರಿನಿಂದಲೇ ಹರಡುವ ಹೆಪಟೈಟಿಸ್ ಇ ಆಗಿರಬಹುದು. ರಕ್ತ ಮತ್ತು ದೇಹದ್ರವಗಳಿಂದ ಹರಡುವ ಹೆಪಟೈಟಿಸ್ ಬಿ ಆಗಿರಬಹುದು. ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರವೋ, ಪಿತ್ತಕೋಶದ ಕಲ್ಲೋ, ಮದ್ಯಪಾನದಿಂದ ಕೆಟ್ಟ ಯಕೃತ್ತೋ ಇರಬಹುದು. ಇವುಗಳ ಪರಿಣಾಮ ಒಂದೇ ಅಲ್ಲ. ಹೆಪಟೈಟಿಸ್ ಎ ಎಷ್ಟೇ ಬಾಧಿಸಿದರೂ ದೀರ್ಘಕಾಲ ಉಳಿಯದು, ಒಮ್ಮೆ ಬಂದವರಿಗೆ ಬಾಳಿನುದ್ದಕ್ಕೂ ಮತ್ತೆ ಬಾರದು. ಹೆಪಟೈಟಿಸ್ ಬಿ ಹಲವರಲ್ಲಿ ವರ್ಷಾನುಗಟ್ಟಲೆ ಅಡಗಿದ್ದು ಯಕೃತ್ತನ್ನು ಹಾಳುಮಾಡುತ್ತದೆ. ಹೆಪಟೈಟಿಸ್ ಇ ಗರ್ಭಿಣಿಯರಿಗೆ, ಅದರಲ್ಲಿಯೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಾಂತಿಕ. ಆ ಹಂತದಲ್ಲಿ ರೋಗ ತಗಲಿದವರಲ್ಲಿ ನೂರಕ್ಕೆ 20ರಿಂದ 25ರವರೆಗೂ ಸಾವು ಸಂಭವಿಸಬಹುದು.

ಒಂದೇ ಹೆಸರಿನಡಿ ಹಲವು ರೋಗಗಳನ್ನು ಕಾಣುವುದು ಜನಪದಕ್ಕೆ ಮಾತ್ರ ಸೀಮಿತವಾದ ಗೊಂದಲವಲ್ಲ. ಸೋಂಕಿನ ಕಾಮಾಲೆಯಲ್ಲಿ ಎರಡು ಬಗೆಗಳಿವೆಯೆಂದು ಕಂಡು ಅವುಗಳನ್ನು ಎ ಮತ್ತು ಬಿ ಎಂದು ಮೆಕಲಮ್ ಹೆಸರಿಸಿದುದು 1947ರಲ್ಲಿ. ಎ ವೈರಾಣುವನ್ನು ಫೈನ್‌ಸ್ಟೋನ್, ಕಪಿಕಿಯನ್ ಮತ್ತು ಪರ್ಸೆಲ್ ಎಂಬ ಅಮೆರಿಕದ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದುದು 1973ರಲ್ಲಿ. 1955ರ ಡಿಸೆಂಬರ್ ಮತ್ತು 1956ರ ಜನವರಿಯಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಬೆರೆತು ಸುಮಾರು 29 ಸಾವಿರ ಜನರಿಗೆ ಕಾಮಾಲೆಯಾದಾಗ ಅದನ್ನು ಇದೇ ಸೋಂಕಿನ ಕಾಮಾಲೆಯೆಂದೇ ಭಾವಿಸಲಾಯಿತು. ಕಾಯ್ದಿರಿಸಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಅದು ಹೆಪಟೈಟಿಸ್ ಎ ಆಗಿರಲಿಲ್ಲವೆಂದು ತಿಳಿದುದು 1980ರಲ್ಲಿ. ಅದು ಮುಂದೆ ಹೆಪಟೈಟಿಸ್ ಇ ಎಂಬ ಹೆಸರು ಪಡೆಯಿತು. ಆಗಿನ ದೆಹಲಿಯ ಜನ ಹೆಪಟೈಟಿಸ್ ಎ ಸೋಂಕನ್ನು ಬಾಲ್ಯದಲ್ಲಿಯೇ ಉಂಡು ಅರಗಿಸಿಕೊಂಡಿದ್ದವರು. ಆದುದರಿಂದ ವಯಸ್ಕರು ಸಾವಿರಗಟ್ಟಲೆಯಲ್ಲಿ ಹಾಸಿಗೆ ಹಿಡಿದುದೇ ಬೇರೊಂದು ವೈರಾಣುವಿನ ಸೂಚನೆಯಾಗಿತ್ತು.

ಮದ್ದು, ಪಥ್ಯ ಮತ್ತು ನಂಬಿಕೆಯ ತರ್ಕ

ಮಲೆನಾಡಿನಲ್ಲಿ ಕಾಮಾಲೆಗೆ ಕೊಡುವ ಹಳ್ಳಿಮದ್ದುಗಳಲ್ಲಿ ನೆಲನೆಲ್ಲಿಗೆ ಅಗ್ರಸ್ಥಾನ. ಗಿಡವನ್ನು ಬೇರುಸಹಿತ ಕಿತ್ತು, ಅರೆದು, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕದಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುವುದು ಸಾಮಾನ್ಯ ಕ್ರಮ. ಗರುಗದ ಸೊಪ್ಪು, ಹರಳೆಲೆಯ ರಸಗಳೂ ಬಳಕೆಯಲ್ಲಿವೆ. ಎಣ್ಣೆ, ಕರಿದ ತಿಂಡಿ, ಮಾಂಸ, ಖಾರ, ಹಲವು ಕಡೆ ಉಪ್ಪು ಕೂಡ ವರ್ಜ್ಯ. ಗಂಜಿ, ಎಳನೀರು, ಕಬ್ಬಿನ ಹಾಲು ಪಥ್ಯ. ಮದ್ದಿನ ಗುಟ್ಟನ್ನು ಹೊರಗೆ ಹೇಳಿದರೆ ಫಲ ಕೆಡುತ್ತದೆ, ಮದ್ದಿಗೆ ಹಣ ಕೇಳಬಾರದು ಎಂಬ ಕಟ್ಟುಗಳು ಈ ವಿದ್ಯೆಯನ್ನು ಮನೆತನಗಳಲ್ಲಿ ಉಳಿಸಿವೆ. ಕೈಗೆ ಬರೆ ಹಾಕುವ ಪದ್ಧತಿಯೂ ನಾಡಿನ ಹಲವೆಡೆ ಇದ್ದುದೇ.

ಈ ಮದ್ದಿನಿಂದ ಗುಣವಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಗುಣವಾದುದು ನಿಜ, ಮದ್ದು ಕುಡಿದುದೂ ನಿಜ. ಆದರೆ ಹೆಪಟೈಟಿಸ್ ಎ ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಒಂದೆರಡು ತಿಂಗಳಲ್ಲಿ ತಾನಾಗಿಯೇ ಇಳಿಯುವ ರೋಗ. ಕಣ್ಣು ಹಳದಿಯಾಗಿ ಹಸಿವು ಸತ್ತಾಗ ರೋಗಿ ಮದ್ದಿನ ಮನೆಗೆ ಹೋಗುತ್ತಾನೆ. ರೋಗ ಆ ಹೊತ್ತಿಗೆ ತುದಿ ಮುಟ್ಟಿ ಇಳಿಯತೊಡಗಿರುತ್ತದೆ. ಮದ್ದು ಮತ್ತು ಗುಣ ಒಂದರ ಬೆನ್ನಿಗೊಂದು ಬರುತ್ತವೆ. ಅಲೋಪತಿಯಲ್ಲಿಯೂ ಈ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ವಿಶ್ರಾಂತಿ, ದ್ರವಾಹಾರ, ಯಕೃತ್ತಿಗೆ ಭಾರವಾಗುವ ಮಾತ್ರೆಗಳ ವರ್ಜನೆಯೇ ಅಲ್ಲಿನ ಚಿಕಿತ್ಸೆ. ಹೀಗಾಗಿ ವಿಶ್ರಾಂತಿ ಮತ್ತು ಎಳನೀರಿನ ಮಟ್ಟಿಗೆ ಹಳ್ಳಿಯ ಪಥ್ಯವೂ ಆಸ್ಪತ್ರೆಯ ಸಲಹೆಯೂ ಹೊಂದುತ್ತವೆ. ನೆಲನೆಲ್ಲಿಯ ಬಗ್ಗೆ 1988ರಲ್ಲಿ ಮದರಾಸಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಶಾದಾಯಕ ಫಲಿತಾಂಶವನ್ನು ಪ್ರಕಟಿಸಿದ್ದರು. ಅದು ಹೆಪಟೈಟಿಸ್ ಬಿ ಕುರಿತಾದುದು. ಅನಂತರದ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ.

ನೀರಿಗೂ ಕಾಮಾಲೆಗೂ ಇರುವ ನಂಟು ಜನಪದ ನೆನಪಿನಲ್ಲಿ ಏಕೆ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದಕ್ಕೂ ರೋಗದ ಸ್ವಭಾವವೇ ಉತ್ತರ. ವೈರಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಏಳು ವಾರದವರೆಗೂ ಬೇಕು. ಇಂದು ಕಣ್ಣು ಹಳದಿಯಾದವನು ನಿನ್ನೆಯ ಊಟವನ್ನೋ ಮೊನ್ನೆಯ ಬಿಸಿಲನ್ನೋ ನೆನೆಯುತ್ತಾನೆ. ತಿಂಗಳ ಹಿಂದಿನ ಜಾತ್ರೆಯಲ್ಲಿ ಕುಡಿದ ನೀರನ್ನಲ್ಲ. ಆದುದರಿಂದ ಪಿತ್ತ ಏರಿತು, ಉಷ್ಣವಾಯಿತು ಎಂಬ ವಿವರಣೆಯೇ ಉಳಿಯಿತು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೆ ಮಲೆನಾಡಿನ ನೆನಪಿನಲ್ಲಿ ಊರಿದೆ, ವರ್ಷವಿದೆ, ಸತ್ತ ಮಂಗಗಳ ಚಿತ್ರವಿದೆ. ಕಾಮಾಲೆಗೆ ಇವೊಂದೂ ಇಲ್ಲ.

ಎಂಜಲಿನ ಕಟ್ಟುಪಾಡನ್ನೂ ಇಲ್ಲಿ ಪರಿಶೀಲಿಸಬೇಕು. ಕಚ್ಚಿದ್ದನ್ನು ಹಂಚಬಾರದು, ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯಬೇಕು ಎಂಬ ನಿಯಮಗಳು ಬಾಯಿಯ ಬಾಗಿಲನ್ನು ಕಾಯುತ್ತವೆ. ಹೆಪಟೈಟಿಸ್ ಎ ಮುಖ್ಯವಾಗಿ ಹರಡುವುದು ಮಲದಿಂದ ಕೈಗೆ, ಕೈಯಿಂದ ಅನ್ನಕ್ಕೆ, ಮಲದಿಂದ ನೀರಿಗೆ. ಮಡಿಯ ಕಲ್ಪನೆ ಆಚಾರದ ಶುದ್ಧಿಯನ್ನು ಹೇಳುತ್ತದೆ. ಅದು ಯಾರ ಬಾವಿಯನ್ನು ಯಾರು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿತೇ ವಿನಾ ಬಾವಿಯ ಮೇಲುಗಡೆ ಯಾರೂ ಬಯಲಿಗೆ ಹೋಗಬಾರದೆಂಬುದನ್ನು ಅಷ್ಟೇ ಬಿಗಿಯಾಗಿ ಹೇಳಲಿಲ್ಲ. ಮಡಿವಂತರ ಬಾವಿಗೂ ಕೂಲಿಯವರ ತೋಡಿಗೂ ವೈರಾಣು ಭೇದವೆಣಿಸಲಿಲ್ಲ.

ಲೋಕದ ಚಿತ್ರ

ವಿಶ್ವ ಆರೋಗ್ಯ ಸಂಸ್ಥೆ ಲೋಕದ ಪ್ರದೇಶಗಳನ್ನು ಸೋಂಕಿನ ಸಾಂದ್ರತೆಗೆ ಅನುಗುಣವಾಗಿ ಹೆಚ್ಚು, ಮಧ್ಯಮ, ಕಡಿಮೆ ಎಂದು ವಿಂಗಡಿಸುತ್ತದೆ. ಹೆಚ್ಚಿನ ಸಾಂದ್ರತೆಯ ಕಡೆ ನೂರರಲ್ಲಿ ತೊಂಬತ್ತು ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಸೋಂಕನ್ನು ಪಡೆದಿರುತ್ತಾರೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬಹುತೇಕ ಲಕ್ಷಣರಹಿತ. ಕಾಮಾಲೆ ಕಾಣುವುದು ನೂರಕ್ಕೆ ಹತ್ತರಷ್ಟರಲ್ಲಿ ಮಾತ್ರ. ವಯಸ್ಕರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಕಾಮಾಲೆಯಾಗುತ್ತದೆ. ವರದಿಯಾದ ರೋಗಿಗಳ ಪೈಕಿ ಸಾವಿನ ಪ್ರಮಾಣ ಮಕ್ಕಳಲ್ಲಿ ಸಾವಿರಕ್ಕೆ ಒಂದರಷ್ಟಿದ್ದರೆ, ನಲವತ್ತು ದಾಟಿದವರಲ್ಲಿ ನೂರಕ್ಕೆ ಎರಡರಷ್ಟು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿರೋಧಾಭಾಸ ಸ್ಪಷ್ಟವಾಗುತ್ತದೆ. ನೀರು, ನೈರ್ಮಲ್ಯ ತೀರ ಕೆಟ್ಟಿರುವಲ್ಲಿ ಸೋಂಕು ಎಲ್ಲರಿಗೂ ತಗಲುತ್ತದೆ, ಆದರೆ ಶೈಶವದಲ್ಲಿ. ರೋಗ ಕಣ್ಣಿಗೆ ಬೀಳುವುದಿಲ್ಲ. ಸ್ಥಿತಿ ಅರ್ಧದಷ್ಟು ಸುಧಾರಿಸಿದಾಗ ಸೋಂಕು ಕಡಿಮೆಯಾಗಿ, ಹಲವು ಮಕ್ಕಳು ಅದನ್ನು ಕಾಣದೆಯೇ ದೊಡ್ಡವರಾಗುತ್ತಾರೆ. ವೈರಾಣು ಪೂರ್ತಿ ಹೋಗಿರುವುದಿಲ್ಲವಾದ್ದರಿಂದ ಮುಂದೆ ಒಂದು ದಿನ ಅದು ತಗಲಿದಾಗ ಅವರು ಯುವಕರಾಗಿರುತ್ತಾರೆ. ಕಾಮಾಲೆ ತೀವ್ರವಾಗಿ ಬರುತ್ತದೆ. ಸೋಂಕು ಇಳಿಯುತ್ತಿರುವಾಗ ರೋಗ ಏರುತ್ತದೆ. ಸ್ಥಿತಿ ಇನ್ನಷ್ಟು ಉತ್ತಮಗೊಂಡ ದೇಶಗಳಲ್ಲಿ ಸೋಂಕು, ರೋಗ ಎರಡೂ ಅಪರೂಪವಾಗುತ್ತವೆ. ಆದರೆ ಆ ಜನರಿಗೆ ರಕ್ಷಣೆಯೂ ಇರುವುದಿಲ್ಲ.

1988ರಲ್ಲಿ ಶಾಂಘೈ ನಗರದಲ್ಲಿ ಕೊಳೆನೀರಿನಲ್ಲಿ ಬೆಳೆದ ಚಿಪ್ಪುಮೀನನ್ನು ಅರೆಬೇಯಿಸಿ ತಿಂದುದರಿಂದ ಸುಮಾರು 3 ಲಕ್ಷ ಜನ ಕಾಮಾಲೆಗೆ ತುತ್ತಾದರು. ಬಾಲ್ಯದಲ್ಲಿ ಸೋಂಕು ತಪ್ಪಿಸಿಕೊಂಡಿದ್ದ ಯುವ ಪೀಳಿಗೆ ಅಲ್ಲಿ ದೊಡ್ಡದಿತ್ತು. ಲಸಿಕೆ 1990ರ ದಶಕದ ಆದಿಯಲ್ಲಿ ಬಂತು. 1999ರಲ್ಲಿ ಇಸ್ರೇಲ್ ಎಲ್ಲ ಎಳೆಯ ಮಕ್ಕಳಿಗೂ ಲಸಿಕೆ ಆರಂಭಿಸಿ ಕೆಲವೇ ವರ್ಷಗಳಲ್ಲಿ ರೋಗವನ್ನು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಳಿಸಿತು. ಅರ್ಜೆಂಟೀನಾ 2005ರಲ್ಲಿ ಒಂದೇ ಡೋಸಿನ ಕ್ರಮವನ್ನು ಅನುಸರಿಸಿತು. ಚೀನಾ 2008ರಲ್ಲಿ ತನ್ನ ಲಸಿಕಾ ಕಾರ್ಯಕ್ರಮಕ್ಕೆ ಇದನ್ನು ಸೇರಿಸಿತು. ಅಮೆರಿಕದಲ್ಲಿ ಲಸಿಕೆಯಿಂದ ರೋಗ ಬಹುತೇಕ ಅಳಿದಿದ್ದರೂ 2016ರಿಂದೀಚೆಗೆ ಲಸಿಕೆ ಪಡೆಯದ ವಯಸ್ಕರಲ್ಲಿ, ಮುಖ್ಯವಾಗಿ ಮನೆಯಿಲ್ಲದವರಲ್ಲಿ ಮತ್ತು ಮಾದಕವಸ್ತು ಬಳಸುವವರಲ್ಲಿ, ಅದು ಮರುಕಳಿಸಿ 40 ಸಾವಿರಕ್ಕೂ ಹೆಚ್ಚು ಪ್ರಕರಣಗಳಾದವು. ಶೌಚಾಲಯವೂ ಕೈತೊಳೆಯುವ ನೀರೂ ಇಲ್ಲದವರಿರುವ ತನಕ ಸಿರಿವಂತ ದೇಶಕ್ಕೂ ವಿನಾಯಿತಿಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಂದಾಜಿನಂತೆ ಲೋಕದಲ್ಲಿ ಈ ರೋಗದ ಪ್ರಕರಣಗಳು 1990ರಲ್ಲಿ 11.7 ಕೋಟಿಯಷ್ಟಿದ್ದು 2005ರಲ್ಲಿ 12.6 ಕೋಟಿಗೆ ಏರಿದವು. ಅದೇ ಸಂಸ್ಥೆ 2016ರ ಸಾವುಗಳನ್ನು 7,134 ಎಂದು ಎಣಿಸಿತು. ಎಣಿಕೆಯ ವಿಧಾನಗಳು ಬೇರೆ ಬೇರೆಯಾದುದರಿಂದ ಇವನ್ನು ಒಂದೇ ಸಾಲಿನಲ್ಲಿ ಹೋಲಿಸಲಾಗದು. ಸೋಂಕು ತಗಲುವ ವಯಸ್ಸು ಮೇಲೇರುತ್ತಿರುವುದು ಮಾತ್ರ ಹಲವು ದೇಶಗಳಲ್ಲಿ ಸಮಾನವಾಗಿ ಕಂಡುಬಂದಿದೆ.

ಭಾರತದ ಸ್ಥಿತಿ

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 1982ರಿಂದ 1998ರ ನಡುವಿನ ರಕ್ತದ ಮಾದರಿಗಳನ್ನು ಹೋಲಿಸಿ, ನಗರದ ಅನುಕೂಲಸ್ಥ ವರ್ಗದ ಮಕ್ಕಳಲ್ಲಿ ಸೋಂಕು ಇಳಿದಿರುವುದನ್ನೂ ಬಡ ಕುಟುಂಬಗಳಲ್ಲಿ ಅದು ಮೊದಲಿನಂತೆಯೇ ಇರುವುದನ್ನೂ ತೋರಿಸಿದರು. ಒಂದೇ ಊರಿನಲ್ಲಿ ಎರಡು ಕಾಲಮಾನಗಳು ಜೊತೆಯಾಗಿ ಬಾಳುತ್ತಿದ್ದವೆಂದು ಇದರ ಅರ್ಥ. ನೆರೆಯ ಕೇರಳ ಈ ಸ್ಥಿತ್ಯಂತರವನ್ನು ಇತರರಿಗಿಂತ ಮೊದಲು ಕಂಡಿತು. ಕೋಟ್ಟಯಂನಲ್ಲಿ 2004-05ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಎ ತಗಲಿತು. 2024ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿಯೂ ಎರ್ನಾಕುಲಂ ಜಿಲ್ಲೆಯ ವೇಂಗೂರಿನಲ್ಲಿಯೂ ಅದು ಹಬ್ಬಿ ಸಾವುಗಳಾದವು. ಶಿಕ್ಷಣ, ಆರೋಗ್ಯಗಳಲ್ಲಿ ಮುಂದಿರುವ ನಾಡಿನಲ್ಲಿಯೇ ಹೀಗಾದುದಕ್ಕೆ ಮೇಲೆ ಹೇಳಿದ ವಿರೋಧಾಭಾಸವೇ ಕಾರಣ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಕೊಡುವುದು ಹೆಪಟೈಟಿಸ್ ಬಿ ಲಸಿಕೆ. ಕಾಮಾಲೆಯ ಲಸಿಕೆ ಹಾಕಿಸಿದೆ ಎಂದು ತಂದೆತಾಯಿಗಳು ನಂಬಿದ್ದರೂ ಅದು ಎ ಬಗೆಯಿಂದ ರಕ್ಷಿಸದು. ಎ ಲಸಿಕೆ ಖಾಸಗಿಯಾಗಿ ದೊರೆಯುತ್ತದೆ.

ಬಣಕಲ್ ಸೀಮೆಗೆ ಅನ್ವಯ

ಕಾಫಿ ಸೀಮೆಯ ಸಮಾಜ ಇಂಥ ಎರಡು ಕಾಲಮಾನಗಳನ್ನು ಒಂದೇ ಗುಡ್ಡದಲ್ಲಿ ಇಟ್ಟುಕೊಂಡಿದೆ. ಒಂದು ಕಡೆ ಸ್ವಂತ ಬಾವಿ, ಶೋಧಕ, ಶೌಚಾಲಯಗಳಿರುವ ತೋಟದ ಮನೆಗಳು. ಇನ್ನೊಂದು ಕಡೆ ಕೂಲಿ ಲೈನುಗಳು. 1951ರ ತೋಟ ಕಾರ್ಮಿಕರ ಕಾಯಿದೆ ಕುಡಿಯುವ ನೀರು ಮತ್ತು ಶೌಚಾಲಯಗಳನ್ನು ಮಾಲೀಕರ ಹೊಣೆಯೆಂದು ವಿಧಿಸಿತು. ತಮಿಳುನಾಡಿನಿಂದಲೂ, ಈಚಿನ ವರ್ಷಗಳಲ್ಲಿ ಅಸ್ಸಾಮಿನಂಥ ದೂರದ ರಾಜ್ಯಗಳಿಂದಲೂ ಕೊಯ್ಲಿಗೆ ಬರುವ ಕುಟುಂಬಗಳು ಒಂದೇ ಮೂಲದ ನೀರನ್ನು ಹಂಚಿಕೊಳ್ಳುತ್ತವೆ. 2014ರ ಸ್ವಚ್ಛ ಭಾರತ ಅಭಿಯಾನದಿಂದ ಶೌಚಾಲಯಗಳೂ, 2019ರ ಜಲಜೀವನ ಯೋಜನೆಯಿಂದ ನಲ್ಲಿಗಳೂ ಹಳ್ಳಿಗಳಲ್ಲಿ ಹೆಚ್ಚಿದವು. ಇದು ನಿಸ್ಸಂದೇಹವಾಗಿ ಒಳಿತು. ಆದರೆ ಮಳೆಗಾಲದಲ್ಲಿ ನೆಲದ ನೀರು ಮೇಲೇರುವ ಈ ಸೀಮೆಯಲ್ಲಿ ಇಂಗುಗುಂಡಿ ಬಾವಿಗೆ ಹತ್ತಿರವಿದ್ದರೆ, ಅಥವಾ ಬಾವಿಗಿಂತ ಮೇಲಿನ ಇಳಿಜಾರಿನಲ್ಲಿದ್ದರೆ, ಬಯಲಿನ ದೋಷ ನೆಲದೊಳಗೆ ಹೋಯಿತೇ ಹೊರತು ನೀರಿನಿಂದ ದೂರವಾಗಲಿಲ್ಲ.

ಹಿಂದಿನ ತಲೆಮಾರಿನಲ್ಲಿ ಕಾಮಾಲೆ ಸೋಂಕು ಮಕ್ಕಳಿಗೆ ಬಂದು ಹೋಗುತ್ತಿತ್ತು. ಮದ್ದಿನ ಮನೆಗೆ ಬರುತ್ತಿದ್ದವರಲ್ಲಿ ಬಹುಮಂದಿ ಗುಣವಾಗುವವರೇ ಆಗಿದ್ದರು. ಆ ಅನುಭವದಿಂದ ಕಾಮಾಲೆಗೆ ಹಳ್ಳಿಮದ್ದೇ ಸರಿ ಎಂಬ ನಂಬಿಕೆ ಗಟ್ಟಿಯಾಯಿತು. ಶುದ್ಧ ನೀರು ಕುಡಿದು ಬೆಳೆದು ಬೆಂಗಳೂರು, ಮಂಗಳೂರುಗಳ ಹಾಸ್ಟೆಲು ಸೇರುವ ಇಂದಿನ ಯುವಕರು ಆ ಅನುಭವಕ್ಕೆ ಸೇರಿದವರಲ್ಲ. ಅವರಿಗೆ ಕಾಮಾಲೆ ತಗಲಿದರೆ ಅದು ದೊಡ್ಡವರ ಕಾಮಾಲೆ. ಹಳೆಯ ನಂಬಿಕೆ ಹೊಸ ರೋಗಿಗೆ ಅನ್ವಯವಾದಾಗ ವಿಳಂಬವೇ ಅಪಾಯವಾಗುತ್ತದೆ. ಇದಲ್ಲದೆ ಕಣ್ಣು ಹಳದಿಯಾಗುವುದಕ್ಕಿಂತ ಒಂದೆರಡು ವಾರ ಮೊದಲೇ ರೋಗಿಯ ಮಲದಲ್ಲಿ ವೈರಾಣು ಹೆಚ್ಚಾಗಿರುವುದರಿಂದ, ಹಳದಿ ಕಂಡ ಮೇಲೆ ತಟ್ಟೆ ಲೋಟ ಬೇರೆ ಮಾಡುವುದಷ್ಟೇ ಸಾಲದು. ಶೌಚದ ನಂತರ, ಅಡುಗೆಗೆ ಮುನ್ನ ಸಾಬೂನಿನಿಂದ ಕೈತೊಳೆಯುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ನಿಯಮವಾಗಬೇಕು.

ಉಪಸಂಹಾರ

ಜನಪದ ವೈದ್ಯವನ್ನು ಮೂಢನಂಬಿಕೆಯೆಂದು ತಳ್ಳುವುದಾಗಲಿ, ಪೂರ್ವಿಕರ ಅನುಭವವೆಂದು ಪ್ರಶ್ನಾತೀತವಾಗಿಸುವುದಾಗಲಿ ಶಾಸ್ತ್ರೀಯ ಅಧ್ಯಯನದ ದಾರಿಯಲ್ಲ. ಅದು ಒಂದು ಕಾಲದ, ಒಂದು ನೀರಿನ, ಒಂದು ರೋಗಸ್ವರೂಪದ ನಡುವೆ ರೂಪುಗೊಂಡ ತಿಳಿವಳಿಕೆ. ಆ ಮೂರೂ ಬದಲಾದಾಗ ಅದನ್ನೂ ಮರುಪರಿಶೀಲಿಸಬೇಕಾಗುತ್ತದೆ. ಕಾದಾರಿದ ನೀರು, ಹೊಸನೀರಿನ ಎಚ್ಚರ, ರೋಗಿಗೆ ವಿಶ್ರಾಂತಿ ಎಂಬಂಥವು ಉಳಿಯಬೇಕಾದ ಅಂಶಗಳು. ಬರೆ ಹಾಕುವುದು ಬಿಡಬೇಕಾದುದು. ಹಳ್ಳಿಗಳಲ್ಲಿ ರೋಗಿಯ ಕಣ್ಣನ್ನು ಮೊದಲು ನೋಡುವವರು ಇಂದಿಗೂ ಬಹುಮಟ್ಟಿಗೆ ಮದ್ದು ಕೊಡುವವರೇ ಆಗಿರುವುದರಿಂದ ಅವರನ್ನು ಹೊರಗಿಟ್ಟು ಆರೋಗ್ಯದ ಕೆಲಸ ನಡೆಯದು. ಕಾಮಾಲೆಯಾದ ಗರ್ಭಿಣಿ, ಮಂಪರಿಗೆ ಜಾರುವ ಅಥವಾ ಅಸಂಬದ್ಧವಾಗಿ ಮಾತನಾಡುವ ರೋಗಿ, ನಿಲ್ಲದ ವಾಂತಿ, ರಕ್ತಸ್ರಾವ, ವಾರಗಳಾದರೂ ಇಳಿಯದ ಹಳದಿ ಇವುಗಳನ್ನು ಕಂಡ ಕೂಡಲೇ ಆಸ್ಪತ್ರೆಗೆ ಕಳಿಸಬೇಕೆಂಬ ಒಂದು ಕಟ್ಟು ಮದ್ದಿನ ಮನೆಗಳ ಕಟ್ಟುಗಳಲ್ಲಿ ಸೇರಿದರೆ ಹಲವು ಜೀವಗಳು ಉಳಿಯುತ್ತವೆ. ಯಾವ ಬಗೆಯ ಕಾಮಾಲೆಯೆಂದು ರಕ್ತಪರೀಕ್ಷೆ ತಿಳಿಸಬಲ್ಲುದು, ಕಣ್ಣಿನ ಬಣ್ಣ ತಿಳಿಸಲಾರದು. ಜನಪದ ಸಂಗ್ರಾಹಕರೂ ಇನ್ನು ಮುಂದೆ ಮದ್ದಿನ ಹೆಸರಿನೊಡನೆ ರೋಗಿಯ ವಯಸ್ಸು, ಋತು, ನೀರಿನ ಮೂಲಗಳನ್ನು ಬರೆದುಕೊಳ್ಳುವುದು ಅಗತ್ಯ. ಹಾಗೆ ಬರೆದಿಟ್ಟ ದಾಖಲೆ ಜಾನಪದಕ್ಕೆ ಎಷ್ಟೋ ಅಷ್ಟೇ ಊರಿನ ಆರೋಗ್ಯಕ್ಕೂ ಒದಗುತ್ತದೆ.